ಕಾರಿನ ಇಂಜಿನ್ ಆಯಿಲ್ ನಾವೇ ಬದಲಿಸಬಹುದಾ, ಗ್ಯಾರೇಜಿಗೇ ಕೊಡಬೇಕಾ? ಉಡುಪಿ, ಮಂಗಳೂರಿನವರು ಹೇಳಿ

ಕಟಪಾಡಿ ಸ್ವಿಫ್ಟ್
ನನ್ನದು 2019ರ ಸ್ವಿಫ್ಟ್, ಪೆಟ್ರೋಲ್. 62 ಸಾವಿರ ಓಡಿದೆ. ವಾರಂಟಿ ಮುಗಿದು ವರ್ಷಗಳಾದವು. ಮಳೆ ಹಿಡಿಯುವ ಮೊದಲು ಆಯಿಲ್ ಬದಲಿಸಬೇಕು.

ಹೋದ ವರ್ಷ ಇದೇ ಹೊತ್ತಿಗೆ ಒಂದು ಸರ್ವಿಸ್ ಸೆಂಟರಿಗೆ ಕೊಟ್ಟಿದ್ದೆ. ಆಯಿಲ್ ಮತ್ತು ಆಯಿಲ್ ಫಿಲ್ಟರ್ ಮಾತ್ರ ಸಾಕು ಅಂತ ಎರಡು ಸಲ ಹೇಳಿದ್ದೆ. ಸಂಜೆ ಬಿಲ್ ನೋಡಿದರೆ 6,840 ರೂಪಾಯಿ. ಇಂಜಿನ್ ಫ್ಲಶ್, ಥ್ರಾಟಲ್ ಬಾಡಿ ಕ್ಲೀನಿಂಗ್, ಎಸಿಗೆ ಎಂತದೋ ಸ್ಪ್ರೇ, ಎಲ್ಲ ಸೇರಿಸಿದ್ದರು. ಕೇಳಿದರೆ "ಕಿಲೋಮೀಟರ್ ಆಗಿದೆ ಸರ್, ಮಾಡಲೇಬೇಕು" ಅಂದರು.

ದುಡ್ಡಿಗಿಂತ ಜಾಸ್ತಿ ಬೇಜಾರಾದದ್ದು ಬೇರೆ ವಿಷಯಕ್ಕೆ. ಮನೆಗೆ ಬಂದು ಕಾರಿನ ಅಡಿಗೆ ಟಾರ್ಚ್ ಹಾಕಿ ನೋಡಿದೆ. ಫಿಲ್ಟರಿನ ಮೈಮೇಲೆ ಕೆಂಪು ಮಣ್ಣು ಒಣಗಿ ಪದರ ಕಟ್ಟಿತ್ತು. ಬೆಳಿಗ್ಗೆ ಹಾಕಿದ ಹೊಸ ಫಿಲ್ಟರಿಗೆ ಸಂಜೆಯೊಳಗೆ ಅಷ್ಟು ಮಣ್ಣು ಎಲ್ಲಿಂದ ಬರಬೇಕು?

ಅಂಗಡಿಯಲ್ಲಿ ವಿಚಾರಿಸಿದೆ. ಆಯಿಲ್ ಕ್ಯಾನ್, ಫಿಲ್ಟರ್, ವಾಷರ್ ಸೇರಿ 2,100ಕ್ಕೆ ಆಗುತ್ತದೆ. ನಮ್ಮ ಅಂಗಳದಲ್ಲಿ ಜಾಗ ಉಂಟು. ಬೈಕಿನ ಆಯಿಲ್ ನಾನೇ ಬದಲಿಸುತ್ತೇನೆ, ಪಾನಾ ಹಿಡಿದು ಅಭ್ಯಾಸ ಉಂಟು. ಕಾರಿನದ್ದು ಮಾಡಬಹುದಾ? ಮಾಡಿದವರು ಹೇಳಿ.

ತೊಕ್ಕೊಟ್ಟು ಟೋಲ್
ಮಾಡಿ ಮಾರಾಯ್ರೆ. ಅಡಿಯಲ್ಲಿ ಆಯಿಲ್ ಇಳಿಸುವ ಒಂದು ನಟ್, ಒಂದು ಫಿಲ್ಟರ್. ಅಷ್ಟೇ ಇರುವುದು.

ಕೂಳೂರು ಗ್ಯಾರೇಜ್
ತೊಕ್ಕೊಟ್ಟಿನವರೇ, ಅಷ್ಟೇ ಅಲ್ಲ. ನಾನು 22 ವರ್ಷದಿಂದ ಈ ಕೆಲಸದಲ್ಲಿದ್ದೇನೆ, ಅದಕ್ಕೇ ಹೇಳುತ್ತೇನೆ.

ಆಯಿಲ್ ನೀವೇ ತಂದರೆ ನಾನು ಬದಲಿಸಲಿಕ್ಕೆ 300 ರೂಪಾಯಿ ತಗೊಳ್ಳುತ್ತೇನೆ. ಆ 300 ನಟ್ ತಿರುಗಿಸಿದ್ದಕ್ಕೆ ಮಾತ್ರ ಅಲ್ಲ. ಗಾಡಿ ಮೇಲೆ ಎತ್ತಿದ ಕೂಡಲೇ ನನ್ನ ಕಣ್ಣು ಹೋಗುವುದು ಬೇರೆ ಕಡೆಗೆ. ಆಕ್ಸೆಲಿನ ರಬ್ಬರ್ ಕವರ್, ಅಂದರೆ ಆಕ್ಸೆಲ್ ಬೂಟ್, ಹರಿದಿದೆಯಾ, ಚಕ್ರ ಹಿಡಿಯುವ ಲೋವರ್ ಆರ್ಮಿನ ರಬ್ಬರ್ ಬುಷ್ ಹೋಗಿದೆಯಾ, ಬ್ರೇಕ್ ಪೈಪಿಗೆ ತುಕ್ಕು ಹಿಡಿದಿದೆಯಾ. ನಮ್ಮದು ಕಡಲ ಬದಿ. ಮಲ್ಪೆ, ಪಣಂಬೂರು, ಉಳ್ಳಾಲ ಕಡೆಯ ಗಾಡಿಗಳ ಅಡಿಯನ್ನು ಉಪ್ಪುಗಾಳಿ ಬೇಗ ತಿನ್ನುತ್ತದೆ. ಹೋದ ತಿಂಗಳು ಬರೀ ಆಯಿಲಿಗೆ ಅಂತ ಬಂದ ಒಂದು ಗಾಡಿಯಲ್ಲಿ ಮುಂದಿನ ಬ್ರೇಕ್ ಹೋಸ್ ಬಿರಿದು ಉಬ್ಬಿತ್ತು. ಅವರು ಮರುದಿನ ಮಕ್ಕಳನ್ನು ಕೂರಿಸಿಕೊಂಡು ಶಿರಾಡಿ ಘಾಟಿ ಹತ್ತುವವರು. ಮನೆಯಲ್ಲಿ ಆಯಿಲ್ ಬದಲಿಸಿದ್ದರೆ ಅದು ಅವರ ಕಣ್ಣಿಗೆ ಬೀಳುತ್ತಿತ್ತಾ?

ಮಾಡಬೇಡಿ ಅಂತ ಹೇಳುವುದಿಲ್ಲ. ಮಾಡುವುದಾದರೆ ಅಡಿಯನ್ನು ಪೂರ್ತಿ ನೋಡಲಿಕ್ಕೂ ಕಲಿಯಿರಿ.

ಕಟಪಾಡಿ ಸ್ವಿಫ್ಟ್
ಅಣ್ಣ, ನೀವು ಹೇಳಿದ್ದು ಸರಿ. ಆದರೆ ನಿಮ್ಮಲ್ಲಿ ಗಿರಾಕಿ ಪಕ್ಕದಲ್ಲಿ ನಿಂತು ನೋಡಬಹುದು. ನಾನು ಕೊಟ್ಟಲ್ಲಿ ಗಾಜಿನ ಆಚೆ ಕೂರಿಸಿ ಕಾಫಿ ಕೊಡುತ್ತಾರೆ. ಒಳಗೆ ಬಿಡುವುದಿಲ್ಲ.

ಎಂಡ್ ಪಾಯಿಂಟ್ ಮಣಿಪಾಲ
ನಾನು ನಾಲ್ಕು ವರ್ಷದಿಂದ ನನ್ನ ಕಾರಿನ ಆಯಿಲ್ ನಾನೇ ಬದಲಿಸುತ್ತಿದ್ದೇನೆ. ಅಪ್ಪ ಕಲಿಸಿದ್ದು. ನಾನಿರುವ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಲ್ಲಿ ಮಾಡಲಿಕ್ಕೆ ಬಿಡುವುದಿಲ್ಲ. ಹಾಗಾಗಿ ಪರ್ಕಳದಲ್ಲಿರುವ ತಾಯಿ ಮನೆಗೆ ಹೋಗಿ ಮಾಡುತ್ತೇನೆ. ಕಟಪಾಡಿಯವರಿಗೆ ನನ್ನ ಅನುಭವ ಹೇಳುತ್ತೇನೆ.

ಇಂಜಿನ್ ಐದು ನಿಮಿಷ ಓಡಿಸಿ ನಿಲ್ಲಿಸಿ. ಬೆಚ್ಚಗಾದ ಆಯಿಲ್ ತೆಳುವಾಗಿ, ಕಸ ಸಮೇತ ಇಳಿಯುತ್ತದೆ. ದೂರ ಹೋಗಿ ಬಂದ ಕೂಡಲೇ ನಟ್ ತೆಗೆಯಬೇಡಿ, ಕೈ ಸುಡುತ್ತದೆ. ಇಂಜಿನ್ ಮೇಲಿನ ಆಯಿಲ್ ಕ್ಯಾಪ್ ಮೊದಲೇ ಬಿಚ್ಚಿಡಿ. ನಟ್ ಕೊನೆಯ ಸುತ್ತಿಗೆ ಬಂದಾಗ ಅದನ್ನು ಒಳಕ್ಕೆ ಒತ್ತಿ ಹಿಡಿದುಕೊಂಡೇ ತಿರುಗಿಸಿ, ಆಮೇಲೆ ಪಕ್ಕನೆ ಬದಿಗೆ ಎಳೆಯಿರಿ. ಇಲ್ಲದಿದ್ದರೆ ಆಯಿಲ್ ಮೊಣಕೈವರೆಗೆ ಹರಿಯುತ್ತದೆ. ಮೊದಲಿಗೆ ಆಯಿಲಿನ ಧಾರೆ ಬಾಗಿ ಮುಂದಕ್ಕೆ ಬೀಳುತ್ತದೆ, ಕಡಿಮೆಯಾದ ಹಾಗೆ ಹಿಂದೆ ಬರುತ್ತದೆ. ಟಬ್ ಅದಕ್ಕೆ ತಕ್ಕ ಹಾಗೆ ಸರಿಸಬೇಕು.

ಫಿಲ್ಟರ್ ತೆಗೆದಾಗ ಅದರ ರಬ್ಬರ್ ರಿಂಗ್ ಫಿಲ್ಟರ್ ಜೊತೆಗೇ ಬಂತಾ ಅಂತ ನೋಡಲೇಬೇಕು. ಹಳೇ ರಿಂಗ್ ಇಂಜಿನ್ನಿಗೆ ಅಂಟಿಕೊಂಡು ಉಳಿದು, ಅದರ ಮೇಲೆ ಹೊಸದು ಕೂತರೆ, ಗಾಡಿ ಚಾಲೂ ಮಾಡಿದ ಕೂಡಲೇ ಆಯಿಲ್ ಪೂರ್ತಿ ಹೊರಗೆ ಹಾರಬಹುದು. ಹೊಸ ರಿಂಗಿಗೆ ಬೆರಳಲ್ಲಿ ಸ್ವಲ್ಪ ಹೊಸ ಆಯಿಲ್ ಸವರಿ. ರಿಂಗ್ ತಾಗಿದ ಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು, ಅಷ್ಟೇ. ಪಾನಾ ಹಾಕಿ ಬಿಗಿ ಮಾಡಬೇಡಿ.

ಡ್ರೈನ್ ನಟ್ ಬಿಗಿ ಮಾಡುವಾಗ ಎಲ್ಲ ಶಕ್ತಿ ಹಾಕಬೇಡಿ. ಆಯಿಲ್ ನಿಲ್ಲುವ ಚೇಂಬರಿನ ಥ್ರೆಡ್ ಹೋದರೆ 2,000 ಉಳಿಸಲಿಕ್ಕೆ ಹೋಗಿ ಲೇತಿನವರ ಹತ್ತಿರ ಓಡಬೇಕಾಗುತ್ತದೆ. ಬಿಚ್ಚುವಾಗಲೂ ಹಾಗೆಯೇ. ಪಾನಾ ಜಾರಲಿಕ್ಕೆ ಶುರುವಾದರೆ ಅಲ್ಲಿಗೇ ನಿಲ್ಲಿಸಿ. ನಟ್ಟಿನ ಮೂಲೆ ಉರುಟಾದರೆ ಮತ್ತೆ ತೆಗೆಯುವುದು ತುಂಬಾ ಕಷ್ಟ.

ಕಾಪು ದೀಪಸ್ತಂಭ
ಅಕ್ಕ, ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ. ಸೇವ್ ಮಾಡಿಟ್ಟುಕೊಂಡೆ.

ಮೂಡುಬಿದಿರೆ ರೋಡ್
ಒಂದು ಮಾತು ಸೇರಿಸುತ್ತೇನೆ, ದಯವಿಟ್ಟು ಎಲ್ಲರೂ ಓದಿ. ಕಾರಿನ ಜೊತೆ ಬರುವ ಜಾಕಿ ಟಯರ್ ಬದಲಿಸಲಿಕ್ಕೆ ಮಾತ್ರ. ಅದರ ಭರವಸೆಯಲ್ಲಿ ಅಡಿಗೆ ನುಗ್ಗಬೇಡಿ.

ನಮ್ಮ ಕಡೆ ಎಲ್ಲರ ಮನೆ ಹತ್ತಿರ ನಾಲ್ಕು ಕೆಂಪು ಕಲ್ಲು ಬಿದ್ದಿರುತ್ತದೆ. ಅದನ್ನೇ ಪೇರಿಸಿ ಕಾರು ಕೂರಿಸುತ್ತಾರೆ. ನನ್ನ ದೊಡ್ಡಪ್ಪನ ಮಗ ಹಾಗೇ ಮಾಡಿದ್ದ. ಮಳೆಯಲ್ಲಿ ನೆನೆದ ಕಲ್ಲು. ಅವನು ಫಿಲ್ಟರ್ ತರಲಿಕ್ಕೆ ಅಡಿಯಿಂದ ಎದ್ದು ಜಗಲಿಗೆ ಬಂದಿದ್ದ. ಹಿಂದೆ ಪುಸಕ್ ಅಂತ ಸದ್ದು. ತಿರುಗಿ ನೋಡಿದರೆ ಕಲ್ಲು ಪುಡಿಯಾಗಿ ಕಾರು ನೆಲಕ್ಕೆ ಕೂತಿದೆ. ಎರಡು ನಿಮಿಷ ಮೊದಲು ಅವನ ತಲೆ ಅಲ್ಲಿತ್ತು.

ಎತ್ತಿದ ಕಾರನ್ನು ಹೊತ್ತು ನಿಲ್ಲುವ ಜಾಕಿ ಸ್ಟ್ಯಾಂಡ್ ಇಲ್ಲದಿದ್ದರೆ ಮಾಡಲೇಬೇಡಿ. ಕಾಂಕ್ರೀಟ್ ಬ್ಲಾಕೂ ಬೇಡ, ಅದೂ ಒಡೆಯುತ್ತದೆ.

ಎಂಡ್ ಪಾಯಿಂಟ್ ಮಣಿಪಾಲ
ನೂರಕ್ಕೆ ನೂರು ಸರಿ. ಮೊದಲು ಇದನ್ನೇ ಬರೆಯಬೇಕಿತ್ತು ನಾನು. ನಾನು ಕಬ್ಬಿಣದ ರ್‍ಯಾಂಪ್ ಮಾಡಿಸಿದ್ದೇನೆ. ಮುಂದಿನ ಚಕ್ರ ಹತ್ತಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಹಿಂದಿನ ಚಕ್ರಕ್ಕೆ ಮರದ ತುಂಡು ಕೊಡುತ್ತೇನೆ.

ಹಳೇ ಅಂಬಾಸಿಡರ್
ಯಾವ ಆಯಿಲ್ ಹಾಕುತ್ತೀರಿ ಅಂತ ಯಾರೂ ಹೇಳಲಿಲ್ಲ. ಈಗಿನವರು ನೀರಿನ ಹಾಗಿರುವ 0ಡಬ್ಲ್ಯೂ-20 ಹಾಕುತ್ತಾರೆ. ನಮ್ಮ ಸೆಕೆಗೆ ಅದು ಆಗುವುದಿಲ್ಲ. ನಾನು ಅಂಬಾಸಿಡರಿಗೆ 30 ವರ್ಷ 20ಡಬ್ಲ್ಯೂ-50 ಹಾಕಿದ್ದೇನೆ. ಇಂಜಿನ್ ಬೆಣ್ಣೆಯ ಹಾಗೆ ಓಡುತ್ತಿತ್ತು. ಸ್ವಿಫ್ಟಿಗೂ ಅದೇ ಹಾಕಿ.

ಸುರತ್ಕಲ್ ಮೆಕ್
ಸರ್, ನಿಮ್ಮ ಅಂಬಾಸಿಡರಿಗೆ ಅದು ಸರಿ. ಆ ಕಾಲದ ಇಂಜಿನ್ನಿಗೆ ಅಂಥದೇ ಬೇಕಿತ್ತು. ಸ್ವಿಫ್ಟಿಗೆ ಬೇಡ, ದಯವಿಟ್ಟು ಯಾರೂ ಹಾಕಬೇಡಿ.

ಡಬ್ಲ್ಯೂಗಿಂತ ಮೊದಲಿನ ಅಂಕೆ ತಣ್ಣಗಿನ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಅಂತ ಹೇಳುತ್ತದೆ. ಎರಡನೆಯದು ಬಿಸಿಯಾದಾಗಿನ ದಪ್ಪ. ಅದನ್ನು ಅಳೆಯುವುದು 100 ಡಿಗ್ರಿಯಲ್ಲಿ. ಓಡುವ ಇಂಜಿನ್ನಿನ ಬಿಸಿಯನ್ನು ಥರ್ಮೋಸ್ಟ್ಯಾಟ್ ನೋಡಿಕೊಳ್ಳುತ್ತದೆ. ಮಂಗಳೂರಿನ ಮೇ ತಿಂಗಳಾಗಲಿ, ಮಡಿಕೇರಿಯ ಡಿಸೆಂಬರ್ ಆಗಲಿ, ಒಳಗೆ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ಹಾಗಾಗಿ ನಮ್ಮ ಸೆಕೆ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಈಗಿನ ಇಂಜಿನ್ನಲ್ಲಿ ಬೇರಿಂಗಿನ ಸಂದು ಸಣ್ಣದು. ವಾಲ್ವ್ ಟೈಮಿಂಗ್, ಅಂದರೆ ವಾಲ್ವ್ ತೆರೆದು ಮುಚ್ಚುವ ಹೊತ್ತು, ಬದಲಾಗುವುದೂ ಆಯಿಲ್ ಒತ್ತಡದಿಂದ. ಬೆಳಿಗ್ಗೆ ಚಾಲೂ ಮಾಡಿದ ಕೂಡಲೇ ಆಯಿಲ್ ಮೇಲಿನವರೆಗೆ ತಲುಪಬೇಕು. ದಪ್ಪ ಆಯಿಲ್ ಅಲ್ಲಿಗೆ ಹೋಗಲಿಕ್ಕೆ ತಡ ಮಾಡುತ್ತದೆ, ಮೈಲೇಜೂ ಬೀಳುತ್ತದೆ. ಡ್ಯಾಶ್‌ಬೋರ್ಡ್ ಡಬ್ಬದಲ್ಲಿರುವ ಪುಸ್ತಕದಲ್ಲಿ ಗ್ರೇಡ್ ಬರೆದಿರುತ್ತದೆ. ಅದನ್ನೇ ಹಾಕಿ.

ಹಳೇ ಅಂಬಾಸಿಡರ್
100 ಡಿಗ್ರಿಯ ವಿಷಯ ಈಗ ಗೊತ್ತಾಯಿತು. ಮಗನ ಕಾರಿಗೂ ನಾನು ದಪ್ಪದ್ದೇ ಹಾಕಿಸಿದ್ದೆ. ಈ ಸಲ ಬದಲಿಸುತ್ತೇನೆ. ಆದರೆ ಹಳೇ ಗಾಡಿಯ ಇಂಜಿನ್ ಸದ್ದು ಈಗಿನದಕ್ಕಿಲ್ಲ, ಅದು ಮಾತ್ರ ನಿಜ.

ಬಂದರು ಹುಡುಗ
ಕಾರಿಗೆ ಹಾಕಿ ಉಳಿದ ಆಯಿಲ್ ಬೈಕಿಗೆ ಹಾಕಬಹುದಾ? ಅರ್ಧ ಲೀಟರ್ ಸುಮ್ನೆ ಉಳಿದಿದೆ.

ಸುರತ್ಕಲ್ ಮೆಕ್
ಬೇಡ. ಗೇರ್ ಬೈಕಿನ ಕ್ಲಚ್ ಆ ಆಯಿಲಿನೊಳಗೇ ಮುಳುಗಿರುತ್ತದೆ. ಕಾರಿನ ಆಯಿಲಿನ ಜಾರಿಕೆಗೆ ಕ್ಲಚ್ ಸ್ಲಿಪ್ ಆಗಬಹುದು. ಬೈಕಿನ ಕ್ಯಾನ್ ಮೇಲೆ ಜಾಸೋ ಎಂಎ ಅಂತ ಇರುತ್ತದೆ, ಅದನ್ನು ನೋಡಿ ತಗೊಳ್ಳಿ. ಉಳಿದದ್ದನ್ನು ಕಾರಿನಲ್ಲಿ ಕಡಿಮೆಯಾದಾಗ ಟಾಪ್ ಅಪ್ ಮಾಡಲಿಕ್ಕೆ ಮುಚ್ಚಿಡಿ.

ತೊಕ್ಕೊಟ್ಟು ಟೋಲ್
ಖಾಲಿ ಕ್ಯಾನ್ ಗುಜರಿಗೆ ಹಾಗೇ ಕೊಡಬೇಡಿ. ಕತ್ತರಿಸಿ ಕೊಡಿ. ಒಳ್ಳೆ ಕಂಪೆನಿಯ ಖಾಲಿ ಕ್ಯಾನಿಗೆ ನಕಲಿ ಆಯಿಲ್ ತುಂಬಿಸಿ ಮಾರುವವರಿದ್ದಾರೆ.

ಬ್ರಹ್ಮಾವರ ಬಾವಿಕಟ್ಟೆ
ಎಲ್ಲರೂ ಹೊಸ ಆಯಿಲಿನ ಬಗ್ಗೆ ಮಾತಾಡುತ್ತಿದ್ದೀರಿ. ಇಳಿಸಿದ ಮೂರು ಲೀಟರ್ ಕರಿ ಆಯಿಲ್ ಎಲ್ಲಿಗೆ ಹೋಗುತ್ತದೆ? ನನಗೆ ಅದು ಹೇಳಿ.

ನಮ್ಮ ಹತ್ತಿರದ ಮನೆಯವರು ಒಳ್ಳೆಯವರು. ಒಂದು ಟೆಂಪೋ, ಒಂದು ಕಾರು ಇತ್ತು. ಎರಡರ ಆಯಿಲನ್ನೂ ಅವರೇ ಬದಲಿಸುತ್ತಿದ್ದರು. ಕರಿ ಆಯಿಲ್ ಬೇಲಿ ಕಂಬಕ್ಕೆ ಬಳಿಯುತ್ತಿದ್ದರು, ಗೆದ್ದಲು ಬರಬಾರದು ಅಂತ. ಉಳಿದದ್ದು ಹಿತ್ತಿಲ ಮೂಲೆಯ ಹೊಂಡಕ್ಕೆ. ಆ ಮೂಲೆಗೂ ನಮ್ಮ ಬಾವಿಗೂ ನಡುವೆ ಒಂದು ಪಾಗಾರ ಮಾತ್ರ.

ಒಂದು ಜುಲೈಯಲ್ಲಿ ಅಮ್ಮ ಬೆಳಿಗ್ಗೆ ಕೊಡಪಾನ ಎತ್ತಿದವರು ಹಾಗೇ ಕೆಳಗೆ ಇಟ್ಟರು. ನೀರಿನ ಮೇಲೆ ತೆಳ್ಳಗೆ ಬಣ್ಣ ಬಣ್ಣದ ಪೊರೆ. ಬೆರಳು ಅದ್ದಿ ಮೂಸಿದರೆ ಗ್ಯಾರೇಜಿನ ವಾಸನೆ. ನಮ್ಮದು ಮುರಕಲ್ಲಿನ ನೆಲ. ತೂತು ತೂತು. ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ. ಮೇಲೆ ಸುರಿದದ್ದು ಕೆಳಗೆ ಇಳಿಯದೆ ಎಲ್ಲಿಗೆ ಹೋಗುತ್ತದೆ? ಪಂಪ್ ಹಾಕಿ ಮೂರು ಸಲ ಬಾವಿ ಖಾಲಿ ಮಾಡಿದೆವು. ಗೋಡೆ ತಿಕ್ಕಿಸಿದೆವು. ಎರಡು ತಿಂಗಳು ಕುಡಿಯುವ ನೀರು ಅತ್ತೆ ಮನೆಯಿಂದ ತಂದೆವು. ಆ ಹತ್ತಿರದ ಮನೆಯವರು ಬಂದು ಕೈಮುಗಿದರು, ಗೊತ್ತಿರಲಿಲ್ಲ ಅಂದರು. ಗೊತ್ತಿಲ್ಲದೆ ಮಾಡಿದ್ದು ನಿಜ. ಆದರೆ ಆ ಬಾವಿ ನನ್ನ ಅಜ್ಜ ತೋಡಿಸಿದ್ದು.

ದಯವಿಟ್ಟು, ಎಲ್ಲಿ ಕೊಡುತ್ತೀರಿ ಅಂತ ಮೊದಲು ತೀರ್ಮಾನಿಸಿ. ಆಮೇಲೆ ನಟ್ಟಿಗೆ ಕೈ ಹಾಕಿ.

ಕಾಪು ದೀಪಸ್ತಂಭ
ಓದಿ ಸಂಕಟ ಆಯಿತು. ನಾವೂ ಕಂಬಕ್ಕೆ ಬಳಿಯುತ್ತಿದ್ದೆವು.

ಪಡುಬಿದ್ರೆ ಸೆಂಟ್ರಿಂಗ್
ನಮ್ಮವರು ಸೆಂಟ್ರಿಂಗ್ ಹಲಗೆಗೆ ಹಚ್ಚುತ್ತಾರೆ, ಕಾಂಕ್ರೀಟ್ ಅಂಟಬಾರದು ಅಂತ. ನಮಗೆ ಕೊಡಿ, ವೇಸ್ಟ್ ಆಗುವುದಿಲ್ಲ.

ಬ್ರಹ್ಮಾವರ ಬಾವಿಕಟ್ಟೆ
ಅಣ್ಣ, ಆ ಹಲಗೆ ಮಳೆಯಲ್ಲಿ ತೊಳೆದು ಹೋದಾಗ ಅದೂ ನೆಲಕ್ಕೇ ಇಳಿಯುವುದಲ್ವಾ? ಹಲಗೆಗೆ ಅಂತಲೇ ಬೇರೆ ಆಯಿಲ್ ಸಿಗುತ್ತದೆ.

ಕೂಳೂರು ಗ್ಯಾರೇಜ್
ಬ್ರಹ್ಮಾವರದವರು ಹೇಳಿದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಬಳಸಿದ ಆಯಿಲ್ 2016ರ ಅಪಾಯಕಾರಿ ತ್ಯಾಜ್ಯ ನಿಯಮದೊಳಗೆ ಬರುತ್ತದೆ. ಸಿಕ್ಕ ಸಿಕ್ಕವರಿಗೆ ಮಾರುವ ಹಾಗಿಲ್ಲ, ಪರವಾನಗಿ ಇರುವ ರೀಸೈಕ್ಲರಿಗೇ ಹೋಗಬೇಕು. ಅವರು ಅದನ್ನು ಶುದ್ಧ ಮಾಡಿ ಮತ್ತೆ ಬೇಸ್ ಆಯಿಲ್, ಅಂದರೆ ಹೊಸ ಆಯಿಲ್ ಮಾಡುವ ಮೂಲ ಎಣ್ಣೆ, ತೆಗೆಯುತ್ತಾರೆ.

ನನ್ನಲ್ಲಿ ಬ್ಯಾರೆಲ್ ಇಟ್ಟಿದ್ದೇನೆ. ತುಂಬಿದಾಗ ಪರವಾನಗಿಯವರು ಬಂದು ಒಯ್ಯುತ್ತಾರೆ. ಮನೆಯಲ್ಲಿ ಬದಲಿಸಿದವರು ಹೊಸ ಆಯಿಲಿನ ಖಾಲಿ ಕ್ಯಾನಿಗೇ ಹಳೆಯದನ್ನು ತುಂಬಿಸಿ ತನ್ನಿ. ಆಮೇಲೆ ಕ್ಯಾನ್ ಕತ್ತರಿಸಿ. ನೀರು, ಪೆಟ್ರೋಲ್, ಬ್ರೇಕ್ ಆಯಿಲ್ ಅದಕ್ಕೆ ಸೇರಿಸಬೇಡಿ. ಫಿಲ್ಟರ್ ತಲೆಕೆಳಗೆ ಇಟ್ಟು ಒಂದು ರಾತ್ರಿ ಬಸಿಯಿರಿ, ಅದರೊಳಗೂ ಆಯಿಲ್ ನಿಂತಿರುತ್ತದೆ. ನಾನು ಇದಕ್ಕೆ ದುಡ್ಡು ಕೇಳುವುದಿಲ್ಲ. ನಿಮ್ಮೂರಿನ ಗ್ಯಾರೇಜಿನಲ್ಲೂ ಬ್ಯಾರೆಲ್ ಇಟ್ಟಿದ್ದಾರಾ, ಯಾರಿಗೆ ಕೊಡುತ್ತಾರೆ ಅಂತ ಕೇಳಿ ನೋಡಿ.

ಬಿಜೈ ರಿಟೈರ್ಡ್
ನನ್ನದು ಬೇರೆ ಪ್ರಶ್ನೆ. ಗಾಡಿ ವರ್ಷಕ್ಕೆ 2,500 ಕಿಲೋಮೀಟರ್ ಮಾತ್ರ ಓಡುತ್ತದೆ. ಕದ್ರಿ ದೇವಸ್ಥಾನ, ಸೆಂಟ್ರಲ್ ಮಾರ್ಕೆಟ್, ಮನೆ. 10 ಸಾವಿರ ಆಗಲಿಕ್ಕೆ ನಾಲ್ಕು ವರ್ಷ ಬೇಕು. ಅಲ್ಲಿವರೆಗೆ ಬದಲಿಸಬೇಕಾಗಿಲ್ಲ ಅಲ್ವಾ? ಮತ್ತೆ ಮೊನ್ನೆ ಆಯಿಲ್ ಕ್ಯಾಪ್ ತೆಗೆದರೆ ಒಳಗೆ ಮಜ್ಜಿಗೆ ಬಣ್ಣದ ನೊರೆ ಅಂಟಿಕೊಂಡಿತ್ತು. ಇಂಜಿನ್ ಹೋಯಿತಾ ಅಂತ ಹೆದರಿಕೆ ಆಗಿದೆ.

ಸುರತ್ಕಲ್ ಮೆಕ್
ಸರ್, ಪುಸ್ತಕದಲ್ಲಿ 10 ಸಾವಿರ ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಅಂತ ಇರುತ್ತದೆ. ನಿಮಗೆ ವರ್ಷದ ಲೆಕ್ಕ. ಕಡಿಮೆ ದೂರ ಓಡುವ ಗಾಡಿಗೆ ಆಯಿಲ್ ಇನ್ನೂ ಬೇಗ ಹಾಳಾಗುತ್ತದೆ. ಇಂಜಿನ್ ಸರಿ ಬಿಸಿಯಾಗುವ ಮೊದಲೇ ನಿಲ್ಲಿಸುತ್ತೀರಿ. ಒಳಗೆ ಹುಟ್ಟಿದ ನೀರಿನ ಪಸೆ ಆವಿಯಾಗಿ ಹೋಗುವುದಿಲ್ಲ, ಅಲ್ಲೇ ಉಳಿಯುತ್ತದೆ. ಆ ನೊರೆ ಹೆಚ್ಚಾಗಿ ಅದೇ.

ಹೆದರಬೇಡಿ, ಆದರೆ ಎರಡು ವಿಷಯ ನೋಡಿ. ಇಂಜಿನ್ ತಂಪು ಮಾಡುವ ಕೂಲಂಟ್ ಕಡಿಮೆಯಾಗುತ್ತಿದೆಯಾ? ಆಯಿಲ್ ಮಟ್ಟ ನೋಡುವ ಕಡ್ಡಿ, ಡಿಪ್‌ಸ್ಟಿಕ್ಕಿನ ಆಯಿಲೂ ಹಾಗೇ ಬೆಳ್ಳಗಿದೆಯಾ? ಎರಡರಲ್ಲಿ ಒಂದಿದ್ದರೂ ಗಾಡಿ ಓಡಿಸದೆ ಗ್ಯಾರೇಜಿನವರನ್ನು ಕರೆಸಿ. ಇಲ್ಲದಿದ್ದರೆ ಆಯಿಲ್ ಬದಲಿಸಿ, ವಾರಕ್ಕೊಮ್ಮೆ ಹೈವೇಯಲ್ಲಿ ಮೂಲ್ಕಿವರೆಗೆ ಹೋಗಿ ಬನ್ನಿ.

ಬಿಜೈ ರಿಟೈರ್ಡ್
ಕೂಲಂಟ್ ಸರಿ ಇದೆ. ಡಿಪ್‌ಸ್ಟಿಕ್ ಕಪ್ಪಾಗೇ ಇದೆ. ಮನಸ್ಸಿಗೆ ಸಮಾಧಾನ ಆಯಿತಪ್ಪಾ. ಮೂಲ್ಕಿಗೆ ಇವಳನ್ನೂ ಕರೆದುಕೊಂಡು ಹೋಗುತ್ತೇನೆ, ಬಪ್ಪನಾಡು ದೇವಸ್ಥಾನಕ್ಕೆ ಹೋಗದೆ ತುಂಬಾ ದಿನ ಆಯಿತು.

ಘಾಟಿ ಡೀಸೆಲ್
ಡೀಸೆಲ್‌ನವರು ಗಮನಿಸಿ. ಹೊಸ ಆಯಿಲ್ ನೂರು ಕಿಲೋಮೀಟರಲ್ಲೇ ಕಪ್ಪಾದರೆ ಮೋಸ ಆಯಿತು ಅಂತ ಜಗಳಕ್ಕೆ ಹೋಗಬೇಡಿ. ಡೀಸೆಲ್ ಮಸಿಗೆ ಅದು ಹಾಗೇ. ಹೊಸ ಹೊಗೆ ನಿಯಮದ ಬಿಎಸ್6 ಗಾಡಿಯಾಗಿ, ಹೊಗೆಯ ಮಸಿ ಹಿಡಿಯುವ ಫಿಲ್ಟರ್ (ಡಿಪಿಎಫ್) ಇದ್ದರೆ ಅದಕ್ಕೆ ಹೇಳಿದ ಕಡಿಮೆ ಬೂದಿಯ ಆಯಿಲನ್ನೇ ಹಾಕಬೇಕು, ಇಲ್ಲದಿದ್ದರೆ ಆ ಫಿಲ್ಟರ್ ಕಟ್ಟಿಕೊಳ್ಳುತ್ತದೆ.

ಅಂಬಲಪಾಡಿ ಇವಿ
ಇವಿ ತಗೊಂಡ ಮೇಲೆ ನನಗೆ ಇಂಜಿನ್ ಆಯಿಲ್ ಚಿಂತೆಯೇ ಇಲ್ಲ. ಆದರೆ ಹೆಗ್ಗಣ ವಯರ್ ಕಡಿದು ಹಾಕಿತು. ಅದಕ್ಕೆ ಯಾರಾದರೂ ಉಪಾಯ ಹೇಳಿ.

ತೊಕ್ಕೊಟ್ಟು ಟೋಲ್
ಹೊಗೆಸೊಪ್ಪು ಬಟ್ಟೆಯಲ್ಲಿ ಕಟ್ಟಿ ಬಾನೆಟ್ ಒಳಗೆ ಇಡಿ. ತಿಂಗಳಿಗೊಮ್ಮೆ ಹೊಸದು.

ಎಂಡ್ ಪಾಯಿಂಟ್ ಮಣಿಪಾಲ
ಬಿಸಿಯಾಗುವ ಜಾಗಕ್ಕೆ, ಬೆಲ್ಟಿನ ಹತ್ತಿರ ಮಾತ್ರ ಕಟ್ಟಬೇಡಿ. ಮಳೆಗಾಲದಲ್ಲಿ ಒಂದೇ ಜಾಗದಲ್ಲಿ ನಾಲ್ಕೈದು ದಿನ ನಿಲ್ಲಿಸಿದರೆ ಹೆಗ್ಗಣ ಖಂಡಿತ ಬರುತ್ತದೆ.

ಕಟಪಾಡಿ ಸ್ವಿಫ್ಟ್
ಎರಡು ವಾರ ಆಯಿತು, ಆದದ್ದನ್ನು ಹೇಳುತ್ತೇನೆ. ಮೊದಲು ನಮ್ಮೂರ ಗ್ಯಾರೇಜಿಗೆ ಹೋಗಿ ಬ್ಯಾರೆಲ್ ಉಂಟಾ ಅಂತ ಕೇಳಿದೆ. ಉಂಟು, ತನ್ನಿ ಅಂದರು. ಜಾಕಿ ಸ್ಟ್ಯಾಂಡ್ ಬಾವನ ಹತ್ತಿರ ತಂದೆ.

ಭಾನುವಾರ ಬೆಳಿಗ್ಗೆ ಅಡಿಗೆ ಹೋದೆ. ನಟ್ ಅಲುಗಲೇ ಇಲ್ಲ. ಇನ್ನಷ್ಟು ಒತ್ತಿದಾಗ ಪಾನಾ ಜಾರಿತು. ಅಕ್ಕ ಹೇಳಿದ್ದು ನೆನಪಾಯಿತು. ಅಲ್ಲಿಗೇ ನಿಲ್ಲಿಸಿ, ಸೋಮವಾರ ಸಾಮಾನು ಸಮೇತ ಅದೇ ಗ್ಯಾರೇಜಿಗೆ ಹೋದೆ. ಅವರು ನನ್ನನ್ನೂ ಗಾಡಿಯ ಅಡಿ ನೋಡುವ ಹೊಂಡಕ್ಕೆ, ಪಿಟ್ಟಿಗೆ ಇಳಿಸಿದರು. ಆರು ಮೂಲೆಯ ಸಾಕೆಟ್ ಕೂರಿಸಿ, ಹಿಡಿಗೆ ಉದ್ದದ ಪೈಪ್ ತೊಡಿಸಿ ಒಮ್ಮೆ ಎಳೆದರು. ಟಕ್ ಅಂತ ಬಿಟ್ಟಿತು. ನಟ್ ಹೊರಗೆ ಬಂದಾಗ ಅದರಲ್ಲಿ ವಾಷರೇ ಇಲ್ಲ! ಥ್ರೆಡ್ಡಿಗೆ ನಳ್ಳಿಗೆ ಸುತ್ತುವ ಬಿಳಿ ಟೇಪ್ ಸುತ್ತಿದ್ದರು. ಅದು ಹರಿದು ಎಳೆ ಎಳೆಯಾಗಿ ನೇತಾಡುತ್ತಿತ್ತು. ಆ ಎಳೆ ಒಳಗೆ ಹೋಗಿ ಆಯಿಲಿನ ದಾರಿ ಕಟ್ಟಿದ್ದರೆ ಎಂತ ಗತಿ ಅಂತ ಗ್ಯಾರೇಜಿನವರೇ ಬೇಸರ ಮಾಡಿಕೊಂಡರು. ಚೇಂಬರಿನ ಥ್ರೆಡ್ ಸದ್ಯ ಉಳಿದಿದೆ. ನಟ್ ಹೊಸದು ಹಾಕಿದೆವು.

ಫಿಲ್ಟರ್ ನಾನೇ ಬಿಚ್ಚಿದೆ, ನಾನೇ ಕೂರಿಸಿದೆ. ರಿಂಗ್ ನೋಡಿದೆ, ಮುಕ್ಕಾಲು ಸುತ್ತು ಕೊಟ್ಟೆ. ಆಯಿಲ್ ಮೂರು ಲೀಟರ್ ಹಾಕಿ, ಇಂಜಿನ್ ಒಂದು ನಿಮಿಷ ಓಡಿಸಿ, ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿದೆವು. ಎರಡು ಗುರುತಿನ ನಡುವೆ ಇತ್ತು. ಇನ್ನು ಸ್ವಲ್ಪ ಹಾಕಿ ಮೇಲಿನ ಗುರುತಿಗಿಂತ ಕೂದಲಷ್ಟು ಕೆಳಗೆ ನಿಲ್ಲಿಸಿದೆ. ಆಕ್ಸೆಲ್ ಬೂಟ್, ಬ್ರೇಕ್ ಪೈಪ್ ಎಲ್ಲ ಟಾರ್ಚ್ ಹಾಕಿ ಅವರೇ ತೋರಿಸಿಕೊಟ್ಟರು. ಹಳೇ ಆಯಿಲ್ ಅವರ ಬ್ಯಾರೆಲಿಗೆ. ಸಾಮಾನಿಗೆ 2,100, ನಟ್ಟಿಗೆ 120, ಅವರ ಕೂಲಿ 250. ಮುಂದಿನ ವರ್ಷ ಅಂಗಳದಲ್ಲೇ ಮಾಡುತ್ತೇನೆ. ಎರಡು ವರ್ಷಕ್ಕೊಮ್ಮೆ ಅವರ ಪಿಟ್ಟಿಗೆ ಒಯ್ಯುತ್ತೇನೆ.

ಬ್ರಹ್ಮಾವರ ಬಾವಿಕಟ್ಟೆ
ಬ್ಯಾರೆಲ್ ಮೊದಲು ಕೇಳಿದಿರಲ್ಲ, ತುಂಬಾ ಖುಷಿಯಾಯಿತು.

ಕೂಳೂರು ಗ್ಯಾರೇಜ್
ಒಳ್ಳೆ ಕೆಲಸ. ನಾಲ್ಕು ದಿನ ರಾತ್ರಿ ಕಾರಿನ ಅಡಿಗೆ ಒಂದು ರಟ್ಟು ಹಾಸಿ ಇಡಿ. ಹೊಸ ನಟ್, ಹೊಸ ವಾಷರ್. ಒಂದು ಹನಿ ಬಿದ್ದರೂ ಗೊತ್ತಾಗುತ್ತದೆ.

ಕಟಪಾಡಿ ಸ್ವಿಫ್ಟ್
ನಿನ್ನೆ ರಾತ್ರಿ ಹಾಸಿದ್ದೆ ಅಣ್ಣ. ಬೆಳಿಗ್ಗೆ ಎದ್ದ ಕೂಡಲೇ ಎಳೆದು ನೋಡಿದೆ. ರಟ್ಟು ಒಣಗಿಯೇ ಉಂಟು.